ಗೌರಿ ಹುಣ್ಣಿಮೆಯ ಸಂಜೆ ಹಾಲವ್ವ ಬಂದಿದ್ದರು

ದೀಪಾವಳಿ ಮುಗಿದ ಮರುವಾರ, ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ದಾವಣಗೆರೆಯ ನಮ್ಮ ಸಾರ್ವಜನಿಕ ಟಿವಿ ಕೇಂದ್ರದ ಮಾಳಿಗೆಯ ಕೋಣೆ. ಹಾಜರಿದ್ದವರು ಮೂವರು — ಈಗ ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ಶೈಲಜಾ, ಮೊದಲಿನಿಂದಲೂ ಇಲ್ಲಿ ಕ್ಯಾಮೆರಾ ಹಿಡಿದಿರುವ ರುದ್ರೇಶ, ಮತ್ತು ಒಂದು ಕಾಲಕ್ಕೆ ಇಲ್ಲಿ ಎಲ್ಲರೂ 'ದೊಡ್ಡ ಮೇಡಂ' ಎನ್ನುತ್ತಿದ್ದ ನಾನು.

ಹೇಳಬೇಕಾದ್ದನ್ನು ಮೊದಲೇ ಹೇಳುತ್ತೇನೆ. ಇಪ್ಪತ್ತು ವರ್ಷಕ್ಕೂ ಹಿಂದೆ, ಗೌರಿ ಹುಣ್ಣಿಮೆಯ ಸಂಜೆ, ಕಡರನಾಯಕನಹಳ್ಳಿಯ ಹಾಲವ್ವ ಮತ್ತು ಅವರ ಮೇಳದ ಹೆಂಗಸರು ಹಾಡಲು ಈ ಕೇಂದ್ರಕ್ಕೆ ಬಂದಿದ್ದರು. ಹೊತ್ತಿಗೆ ಮುಂಚೆಯೇ ಬಂದಿದ್ದರು. 'ಕಲಾವಿದರು ಬಾರದ ಕಾರಣ ಇಂದಿನ ಕಾರ್ಯಕ್ರಮ ರದ್ದಾಗಿದೆ' ಎಂದು ಟಿವಿಯಲ್ಲಿ ಓದಿದವಳು ನಾನು. ಅದು ಸುಳ್ಳು. ತಿಳಿದೂ ತಿಳಿದೂ ಓದಿದ ಸುಳ್ಳು. ಟಿವಿ ನೋಡುತ್ತಿದ್ದ ನೀವು ನಂಬಿದಿರಿ. ಯಾಕೆ ನಂಬಬಾರದು? ದಿನವೂ ಅದೇ ದನಿ ನಿಮಗೆ ನೀರು ಬಿಡುವ ಹೊತ್ತು, ಕರೆಂಟು ಹೋಗುವ ಹೊತ್ತು, ಮಾರುಕಟ್ಟೆಯ ಧಾರಣೆ ಹೇಳುತ್ತಿತ್ತು.

ಇಂದು ಬೆಳಿಗ್ಗೆ ಶೈಲಜಾ ನನ್ನನ್ನು ಕರೆಸಿದ್ದು ಚಳಿಗಾಲದ ಕಾರ್ಯಕ್ರಮಗಳ ಬಗ್ಗೆ ಮಾತಾಡಲು. ಚೊಕ್ಕವಾಗಿ ಯೋಚಿಸಿದ್ದಳು, ಅದನ್ನು ಒಪ್ಪಬೇಕು. ಬೆಳಗಿನ ಹೊತ್ತು ನಾಲೆ ನೀರಿನ ಭತ್ತದ ಕೊಯ್ಲಿನ ಕುರಿತು ರೈತರ ಮಾತು. ಸಂಜೆ ಶಾಲೆಯ ಮಕ್ಕಳ ಪ್ರಶ್ನೋತ್ತರ. ಶನಿವಾರ ಹಳೆಯ ಕಂಪನಿ ನಾಟಕಗಳ ತುಣುಕು. ಭಾನುವಾರ ಸಜ್ಜೆ ರೊಟ್ಟಿ, ಅವರೆಕಾಳಿನ ಅಡುಗೆ. ಇವೆಲ್ಲಕ್ಕೂ ಆರಂಭ ಗೌರಿ ಹುಣ್ಣಿಮೆಯ ಸಂಜೆ ಏಳಕ್ಕೆ, ಸಕ್ಕರೆ ಗೊಂಬೆಗಳ ಆರತಿ ಹಿಡಿದ ಹೆಂಗಸರ ಹಾಡಿನಿಂದ. ಅದಕ್ಕೂ ಮುಂಚೆ ಹದಿನೈದು ನಿಮಿಷ ನನಗೆ ಸನ್ಮಾನ.

"ಶಿಸ್ತಿನ ಬಗ್ಗೆ ನೀವೇ ಒಂದೆರಡು ಮಾತು ಹೇಳ್ರಿ ಮೇಡಂ," ಎಂದಳು ಶೈಲಜಾ. "ಆಗ ಯಾವುದೋ ಹಳ್ಳಿ ಮೇಳದೋರು ಕೈ ಕೊಟ್ಟಾಗ ಒಬ್ಬರೇ ಹೆಂಗೆ ಸುಧಾರಿಸಿದ್ರಿ, ಅದನ್ನ ಹೇಳ್ರಿ. ಈಗಿನ ಹುಡುಗರಿಗೆ ಅಂಥದ್ದು ಬೇಕು."

ಹಳ್ಳಿ ಮೇಳದವರು ಕೈ ಕೊಟ್ಟಾಗ. ನಾನು ಹುಟ್ಟಿಸಿದ ಸುಳ್ಳು ನನ್ನ ಕಣ್ಣೆದುರಿಗೇ ನೀತಿಕಥೆಯಾಗಿ ಬೆಳೆದು ನಿಂತಿತ್ತು. ರುದ್ರೇಶ ಕೈಯಲ್ಲಿದ್ದ ವೈರನ್ನು ಸುತ್ತುತ್ತಲೇ ಇದ್ದ. ತಲೆ ಎತ್ತಲಿಲ್ಲ.

ಶೈಲಜಾ ಮುಂದುವರಿಸಿದಳು. "ಈ ಸಲ ಹಾಡಾಕೆ ಆ ಮೇಳದ ಹಾಲವ್ವನ ಮಗಳನ್ನೇ ಕರೆಯಾನ ಅಂತ ಮಾಡೀನಿ. ಕೊಟ್ರವ್ವ ಅಂತ, ಭಾನುವಳ್ಳಿಗೆ ಕೊಟ್ಟೈತೆ, ಅಲ್ಲೇ ಬಸ್‌ಸ್ಟಾಂಡಿನತ್ರ ಅಂಗಡಿ ಇಟ್ಕಂಡಾಳೆ. ಹಾಡೆಲ್ಲ ಬರ್ತಾವಂತೆ. ಆದ್ರೆ ಟಿವಿಯೋರು ಅಂದ ಕೂಡ್ಲೆ ಫೋನ್ ಇಟ್ಬಿಡ್ತಾಳೆ ನೋಡ್ರಿ. ಅವ್ವನಂಗೇ ಮಗಳು."

ಅವ್ವನಂತೆ ಮಗಳು — ಈ ಮಾತಿಗೆ ನನಗೆ ಬಂದ ಕೋಪವನ್ನು ಹೇಗೆ ಬರೆಯಲಿ? ಶೈಲಜಾಳ ಮೇಲೆ ಬಂತು, ಆ ಕ್ಷಣಕ್ಕೆ ಅವಳೇ ಎದುರಿಗಿದ್ದಳಾದ್ದರಿಂದ. ಆದರೆ ಆ ಮಾತನ್ನು ಅವಳ ಬಾಯಿಗೆ ಇಟ್ಟವಳು ನಾನು. ಬೈಯಲು ಬಾಯಿ ತೆರೆದೆ — ಯಾರನ್ನು ಬೈಯುವುದು?

"ಅವರು ಬಂದಿದ್ದರು," ಎಂದೆ.

ಆ ಸಂಜೆ ನಡೆದದ್ದು ಇಷ್ಟು. ನಾನು ಹರಿಹರದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾಗಿ, ಇಲ್ಲಿ ಕಾರ್ಯಕ್ರಮಗಳ ಹೊಣೆ ಹೊತ್ತಿದ್ದೆ. ಶಾಲೆಯಿಂದ ಒಂದು ಪದ್ಧತಿಯನ್ನೂ ಜೊತೆಗೆ ತಂದಿದ್ದೆ: ಬಾಗಿಲ ಮೇಲಿನ ಗಡಿಯಾರವನ್ನು ಕಾಲು ಗಂಟೆ ಮುಂದಿಡುವುದು. ಮಕ್ಕಳು ಓಡಿ ಬರಲಿ, ಮಾಸ್ತರರೂ ಓಡಿ ಬರಲಿ ಎಂದು. ಕೇಂದ್ರದ ಕೆಲಸಗಾರರಿಗೆ ಇದು ಗೊತ್ತಿತ್ತು. ಮನಸ್ಸಿನಲ್ಲೇ ಕಾಲು ಗಂಟೆ ಕಳೆದು ನೋಡುತ್ತಿದ್ದರು, ನಗುತ್ತಿದ್ದರು. ಹೊರಗಿನಿಂದ ಬಂದವರಿಗೆ ಯಾರೂ ಹೇಳುತ್ತಿರಲಿಲ್ಲ. ಹೇಳಬಾರದೆಂದು ನಾನೇ ಕಟ್ಟಪ್ಪಣೆ ಮಾಡಿದ್ದೆ.

ಕಾರ್ಯಕ್ರಮ ಏಳಕ್ಕೆ ನೇರಪ್ರಸಾರ. ಆರೂವರೆಗೆ ಮೇಳದವರು ಒಳಗಿರಬೇಕು, ಆಮೇಲೆ ಬಾಗಿಲು ತೆರೆಯುವುದಿಲ್ಲ ಎಂದು ಹಾಲವ್ವನಿಗೆ ಮೊದಲೇ ತಿಳಿಸಿದ್ದೆ. ಅವರು ಮೆಟ್ಟಿಲು ಹತ್ತಿ ಬಂದಾಗ ಬಾಗಿಲ ಗಡಿಯಾರದಲ್ಲಿ ಆರೂವರೆ ದಾಟಿತ್ತು. ಹಾಲವ್ವ ಮುಂದೆ. ಹಿಂದೆ ಹೆಂಗಸರು, ಸಕ್ಕರೆ ಗೊಂಬೆಗಳ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು. ಎಲ್ಲರೂ ಏದುಸಿರು ಬಿಡುತ್ತಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತು ಮೇಲಕ್ಕೆ ಬೆರಳು ತೋರಿಸಿದೆ.

ಹಾಲವ್ವ ಗಡಿಯಾರ ನೋಡಿದರು. ಮುಖ ಇಳಿದುಹೋಯಿತು. "ತಪ್ಪಾತು ತಾಯಿ," ಎಂದರು. "ಹರಿಹರದಾಗೆ ಒಂದ್ ಬಸ್ ತಪ್ತು. ಇದೊಂದ್ ಸಲ ಬಿಡ್ರಿ. ಊರಾಗೆ ಎಲ್ಲಾ ಟಿವಿ ಮುಂದೆ ಕೂತಾರೆ."

"ಎಲ್ಲರಿಗೂ ಒಂದೇ ನಿಯಮ," ಎಂದು ಬಾಗಿಲು ಹಾಕಿದೆ.

ತಪ್ಪಾತು ಎಂದರು. ಯಾವ ತಪ್ಪೂ ಮಾಡದವರು ನನ್ನ ಸುಳ್ಳು ಗಡಿಯಾರವನ್ನು ನೋಡಿ, ತಪ್ಪಾತು ಎಂದು ನನ್ನೆದುರು ಕೈ ಮುಗಿದರು.

ಬಾಗಿಲು ಹಾಕುವಾಗ ನನ್ನ ಕಣ್ಣಿನಲ್ಲೂ ಇದ್ದದ್ದು ಅದೇ ಗಡಿಯಾರ. ಅಷ್ಟನ್ನು ಮರೆವು ಎನ್ನಬಹುದಿತ್ತು. ಆದರೆ ರುದ್ರೇಶ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಮೇಡಂ, ಇನ್ನಾ ಬೇಕಾದಷ್ಟು ಹೊತ್ತೈತ್ರಿ. ಆ ಗಡಿಯಾರ ಮುಂದೈತಲ್ಲ." ನನ್ನ ಕೈಗಡಿಯಾರ ನೋಡಿಕೊಂಡೆ. ಇನ್ನೂ ಆರೂವರೆಯೇ ಆಗಿರಲಿಲ್ಲ. ಕೆಳಗೆ, ಬೀದಿಯಲ್ಲಿ, ಹೆಂಗಸರು ಇನ್ನೂ ನಿಂತಿದ್ದರು. ಕಿಟಕಿಯಿಂದ ಕಾಣುತ್ತಿತ್ತು. ಒಬ್ಬ ಹುಡುಗಿ ಅಳುತ್ತಿದ್ದಳು, ಹಾಲವ್ವ ಸೆರಗಿನಿಂದ ಅವಳ ಮುಖ ಒರೆಸುತ್ತಿದ್ದರು. ಕೂಗಿದ್ದರೆ ಸಾಕಿತ್ತು. ಅಥವಾ ರುದ್ರೇಶನನ್ನು ಕೆಳಗೆ ಕಳಿಸಿದ್ದರೆ —

ಕಳಿಸಲಿಲ್ಲ. ಅವರನ್ನು ವಾಪಸು ಕರೆದರೆ ಕೆಲಸಗಾರರೆಲ್ಲರ ಎದುರು ನನ್ನ ಗಡಿಯಾರವೇ ಸುಳ್ಳೆಂದು ಒಪ್ಪಿದಂತಾಗುತ್ತಿತ್ತು. ಆ ಬೆಳಿಗ್ಗೆ ಕೇಂದ್ರದ ಹಿರಿಯರೊಬ್ಬರು, ಹೆಂಗಸರ ಕೈಗೆ ಕೊಟ್ಟರೆ ಎಲ್ಲವೂ ಸಡಿಲ ಎಂದು ನನಗೆ ಚುಚ್ಚಿದ್ದರು. ಅದು ಕಾರಣ ಎಂದು ಇಲ್ಲಿ ಬರೆಯುತ್ತಿಲ್ಲ. ಚುಚ್ಚಿಸಿಕೊಂಡವಳು ಚುಚ್ಚಿದವರನ್ನು ಬಿಟ್ಟು, ಕೈ ಮುಗಿದವರ ಮೇಲೆ ತಿರುಗಿದಳು ಎಂದು ಬರೆಯುತ್ತಿದ್ದೇನೆ.

ಏಳಕ್ಕೆ ಪರದೆಯ ಮೇಲೆ ಹೂವಿನ ಚಿತ್ರ ಹಾಕಿಸಿದೆ. ಮೈಕಿನ ಮುಂದೆ ಕೂತೆ. 'ತಡವಾಗಿ ಬಂದರು' ಎಂದಿದ್ದರೂ ಸುಳ್ಳೇ, ಆದರೆ ಅವರು ಬಂದದ್ದಾದರೂ ಉಳಿಯುತ್ತಿತ್ತು. ನಾನು 'ಬಾರದ ಕಾರಣ' ಎಂದೆ. ತಡವೆಂದರೆ ಯಾರಾದರೂ ಎಷ್ಟು ತಡ ಎಂದು ಕೇಳಿಯಾರು. ಬರಲೇ ಇಲ್ಲ ಎಂದರೆ ಕೇಳುವುದಕ್ಕೆ ಏನೂ ಇರುವುದಿಲ್ಲ.

ಆಮೇಲೆ ಏನಾಯಿತೆಂದು ನನಗೆ ಗೊತ್ತಿರಲಿಲ್ಲ ಎಂದೂ ಹೇಳಲಾರೆ. ರುದ್ರೇಶನ ಹೆಂಡತಿಯ ಕಡೆಯವರು ಅದೇ ಊರಿನವರು. ಒಂದು ದಿನ ಆತ ಹೇಳಿದ: "ಹೋಗಿದ್ವಿ, ತಡ ಆತು ಅಂತ ಹಾಲವ್ವ ಅಂದ್ರೆ ಊರಾಗೆ ಯಾರೂ ನಂಬವಲ್ರು ಮೇಡಂ. ಬರ್ಲೇ ಇಲ್ಲ ಅಂತ ಟಿವಿಯಾಗೇ ಬಂತಲ್ಲ ಅಂತಾರೆ. ಹೆಣ್ಮಕ್ಕಳನ್ನ ಕರ್ಕಂಡು ಪ್ಯಾಟಿಗೆ ಸಿನಿಮಾಕ್ಕೆ ಹೋಗಿದ್ಲು ಅಂತ ಮಾತು. ಟಿವಿ ಹಾಲವ್ವ ಅಂತ ಹೆಸರಿಟ್ಟಾರೆ." ಆಮೇಲೆ ಯಾವ ಮನೆಯವರೂ ತಮ್ಮ ಹೆಂಗಸರನ್ನು ಅವರ ಜೊತೆ ಕಳಿಸಲಿಲ್ಲವಂತೆ. ಮೇಳ ಮುರಿಯಿತು.

ನಾನು ರುದ್ರೇಶನಿಗೆ ಹೇಳಿದ್ದು ಎರಡೇ ಮಾತು: "ಕೆಲಸ ನೋಡು."

ಇದನ್ನೆಲ್ಲ ಕೇಳಿ ಶೈಲಜಾ, "ಬಿಡ್ರಿ ಮೇಡಂ, ಆಯಮ್ಮ ತೀರ್ಕಂಡು ಎಷ್ಟು ವರ್ಷ ಆತು. ಈಗ ಕೆದಕಿದ್ರೆ ಕೇಂದ್ರದ ಹೆಸರು ಕೆಡತೈತೆ ಅಷ್ಟೇ," ಎಂದಳು. ನಾನೂ ಇಪ್ಪತ್ತು ವರ್ಷ ನನಗೆ ಇದನ್ನೇ ಹೇಳಿಕೊಂಡಿದ್ದೆ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಹೊಲಸು ಮಾತು ಎಂದು ಗೊತ್ತಾಯಿತು.

ಚಪ್ಪಲಿ ಮೆಟ್ಟಿ ಹೊರಟೆ. ಹರಿಹರಕ್ಕೆ ಒಂದು ಬಸ್ಸು, ಅಲ್ಲಿಂದ ಭಾನುವಳ್ಳಿಗೆ ಇನ್ನೊಂದು. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಕೆಡವಿದೆ, ಮತ್ತೆ ಜೋಡಿಸಿದೆ.

ಕೊಟ್ರವ್ವ ಅಂಗಡಿಯಲ್ಲಿ ಸಕ್ಕರೆ ಕಟ್ಟುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದಳು. "ಬರ್ರಿ," ಎನ್ನಲಿಲ್ಲ. "ಏನ್ ಬೇಕಾಗಿತ್ತು?" ಎಂದಳು, ಗಿರಾಕಿಯನ್ನು ಕೇಳುವಂತೆ.

ನಿಂತುಕೊಂಡೇ ಹೇಳಿದೆ. ಅವರು ಬರಲಿಲ್ಲ ಎಂದು ಓದಿದ್ದು ಸುಳ್ಳೆಂದು ಹೇಳಿದೆ.

"ಅದು ನನಗೆ ಗೊತ್ತಿಲ್ಲೇನು?" ಎಂದಳು. "ನಾನೂ ಇದ್ನಲ್ಲ. ತಟ್ಟೆ ಹಿಡ್ಕಂಡು ನಿಂತಿದ್ನಲ್ಲ. ಅದನ್ನ ಹೇಳಾಕೆ ಇಷ್ಟು ದೂರ ಬಂದ್ರಾ?"

ಆಗ ಗಡಿಯಾರದ ವಿಷಯ ಹೇಳಿದೆ.

ಅವಳ ಕೈ ನಿಂತಿತು. "ಅಂದ್ರೆ," ಎಂದಳು, "ತಡ ಆಗಿರ್ಲಿಲ್ಲ?"

"ಇಲ್ಲ."

"ಸ್ವಲ್ಪನೂ?"

"ಇಲ್ಲಮ್ಮ. ಹೊತ್ತಿಗೆ ಮುಂಚೆಯೇ ಬಂದಿದ್ದಿರಿ."

ನಾನು ಲೆಕ್ಕ ಹಾಕಿಕೊಂಡು ಬಂದ ಯಾವ ಮಾತಿನಲ್ಲೂ ಅವಳು ಮುಂದೆ ಹೇಳಿದ್ದು ಇರಲಿಲ್ಲ.

"ಹರಿಹರದಾಗೆ ಬಸ್ ತಪ್ಪಿದ್ದು ನನ್ನಿಂದ," ಎಂದಳು. "ಹಸಿರು ಬಳೆ ಬೇಕು, ಟಿವಿಯಾಗೆ ಕಾಣ್ತಾವೆ ಅಂತ ಹಟ ಹಿಡಿದೆ. ಅವ್ವ ಬ್ಯಾಡ ಅಂದ್ಲು. ನಾನು ಕೇಳ್ಲಿಲ್ಲ. ಬಳೆ ಇಟ್ಕಣಾದ್ರಾಗೆ ಬಸ್ ಹೋತು. ಮ್ಯಾಳದೋರೆಲ್ಲ ನಿನ್ನಿಂದಾನೇ ಹಿಂಗಾತು ಅಂದ್ರು. ಇವತ್ತಿಗೂ ಅಂತಾರೆ. ಅವ್ವ ಒಂದ್ ದಿನ ಅನ್ಲಿಲ್ಲ. ಅನ್ಲಿಲ್ಲ ಅಂತಾನೇ ನನಗೆ..." ಕೈಯಲ್ಲಿದ್ದ ಪೊಟ್ಟಣ ಕೆಳಗಿಟ್ಟಳು. "ಅವ್ವ ಸಾಯೋ ಮುಂದೆ ಕಾಲು ಹಿಡಿದು ಅತ್ತೀನಿ ನಾನು. ನನ್ನಿಂದ ನಿನಗೆ ಸುಳ್ಳಿ ಅನ್ನೋ ಹೆಸರು ಬಂತಲ್ಲವ್ವ ಅಂತ. ನೀವು ಅಲ್ಲಿ ಗಡಿಯಾರ ತಿರುವಿ ಇಟ್ಕಂಡು ಕುಂತಿದ್ರಿ."

ನಾನು ಒಬ್ಬರಿಗೆ ಅನ್ಯಾಯ ಮಾಡಿದ್ದೇನೆ ಎಂದುಕೊಂಡು ಹೋಗಿದ್ದೆ. ಬೀದಿಯಲ್ಲಿ ಅಳುತ್ತಿದ್ದ ಆ ಹುಡುಗಿ ಯಾಕೆ ಅಳುತ್ತಿದ್ದಾಳೆಂದು ಕಿಟಕಿಯಲ್ಲಿ ನಿಂತ ನನಗೆ ಅಂದು ಅನ್ನಿಸಲಿಲ್ಲ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅನ್ನಿಸಲಿಲ್ಲ.

ಕ್ಷಮೆ ಎಂಬ ಪದ ನನ್ನ ಬಾಯಿಗೆ ಬರುತ್ತಿದ್ದಂತೆ ಅವಳು ಕೈ ಅಡ್ಡ ಹಿಡಿದಳು. "ಅದನ್ನ ನನ್ನ ಮುಂದೆ ಆಡಬ್ಯಾಡ್ರಿ. ಅಂಗಡಿಯಾಗೆ ಹೇಳಿದ್ದು ಅಂಗಡಿಯಾಗೇ ಉಳಿತೈತೆ. ಟಿವಿಯಾಗೆ ಅವ್ವನ ಮರ್ಯಾದೆ ತಗದ್ರಿ, ಟಿವಿಯಾಗೇ ಹೇಳ್ರಿ. ಅವ್ವನ ಹೆಸರು ಹೇಳ್ರಿ. ಊರಿನ ಹೆಸರು ಹೇಳ್ರಿ. ಊರು ಕೇಳ್ಲಿ."

"ಹೇಳುತ್ತೇನೆ. ಆ ದಿನ ನೀನು ಹಾಡಲು —"

"ನಾನು ಬರ್ತೀನಂತ ಹೇಳಬ್ಯಾಡ್ರಿ ಮೇಡಂ. ಹಾಡು ಕೇಳಾಕೆ ಬಂದೀರೋ, ತಪ್ಪು ಒಪ್ಕಣಾಕೆ ಬಂದೀರೋ?"

ಅವಳು ಸಕ್ಕರೆ ಪೊಟ್ಟಣಕ್ಕೆ ದಾರ ಸುತ್ತತೊಡಗಿದಳು. ನಾನು ಬಸ್ಸಿಗೆ ನಡೆದೆ.

ಸಂಜೆ ಮತ್ತೆ ಕೇಂದ್ರಕ್ಕೆ ಬಂದಾಗ ಶೈಲಜಾ ಮನೆಗೆ ಹೊರಟಿದ್ದಳು. ಕೂರಿಸಿ, ನನ್ನ ತಪ್ಪೊಪ್ಪಿಗೆಯನ್ನು ಈಗಲೇ ಚಿತ್ರಿಸಿಕೊಳ್ಳಿ ಎಂದೆ. ರುದ್ರೇಶ ಒಂದು ಮಾತೂ ಕೇಳದೆ ದೀಪ ಹೊಂದಿಸಿದ. ಶೈಲಜಾ ಒಂದು ಒಕ್ಕಣೆ ಸೂಚಿಸಿದಳು: 'ಕಣ್ತಪ್ಪಿನಿಂದ ಆದ ಪ್ರಮಾದ.' ಬೇಡ ಎಂದೆ. ಹಿನ್ನೆಲೆಗೆ ವೀಣೆ ಹಾಕೋಣ ಎಂದಳು. ಅದೂ ಬೇಡ ಎಂದೆ. ಹಾಗಾದರೆ ಬೆಳಗಿನ ಜಾವ, ರೈತರ ಮಾತಿಗೆ ಮುಂಚೆ ಹಾಕುತ್ತೇನೆ ಎಂದಳು. ನನ್ನ ದನಿ ಏರಿತು. ಬಹಳ ವರ್ಷಗಳ ಮೇಲೆ ಆ ಕೋಣೆಯಲ್ಲಿ ನನ್ನ ದನಿ ಏರಿತು. "ಊರೆಲ್ಲ ಟಿವಿ ಮುಂದೆ ಕೂತಿದ್ದಾಗ ಓದಿದ ಸುಳ್ಳು ಅದು. ಊರು ಮಲಗಿರುವಾಗ ತಿದ್ದಬೇಕೇನು?"

"ಗೌರಿ ಹುಣ್ಣಿಮೆ ಸಂಜೆ ಜಾಗ ಇಲ್ವಲ್ಲ ಮೇಡಂ. ಏಳಕ್ಕೆ ಹಾಡು, ಅದಕ್ಕೂ ಮುಂಚೆ ನಿಮ್ಮ ಸನ್ಮಾನ."

"ಸನ್ಮಾನ ತೆಗೆ. ಅಲ್ಲಿಗೆ ಇದು ಬರಲಿ."

ಕ್ಯಾಮೆರಾ ಮುಂದೆ ಕೂತು ಹೇಳಿದೆ. ಹಾಲವ್ವನ ಹೆಸರು, ಊರಿನ ಹೆಸರು, ನನ್ನ ಹೆಸರು. ಗಡಿಯಾರವನ್ನು ತಿರುವಿಟ್ಟದ್ದು, ಬಾಗಿಲು ಹಾಕಿದ್ದು, ಗೊತ್ತಾದ ಮೇಲೂ ತೆರೆಯದಿದ್ದದ್ದು. ಬಸ್ಸು ತಪ್ಪಿದ್ದರಿಂದ ಏನೂ ಕೆಡಲಿಲ್ಲ, ಆ ಹುಡುಗಿಯಿಂದ ಯಾರಿಗೂ ತಡವಾಗಲಿಲ್ಲ — ಇದನ್ನು ಎರಡು ಸಲ ಹೇಳಿದೆ.

ರುದ್ರೇಶ ಕ್ಯಾಮೆರಾ ನಿಲ್ಲಿಸಿದ. "ನಡುವೆ ದನಿ ನಡುಗೈತ್ರಿ ಮೇಡಂ. ಇನ್ನೊಂದ್ ಸಲ ತಗಳಾನೇನು?"

"ಬೇಡ. ಮಾತು ಕೇಳುತ್ತದೆಯೋ ಇಲ್ಲವೋ ಅಷ್ಟು ನೋಡು."

ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು ಪೂರ್ತಿ ಕೇಳಿದ. "ಕೇಳ್ತೈತ್ರಿ," ಎಂದ. ಶೈಲಜಾ ಹುಣ್ಣಿಮೆಯ ಸಂಜೆಯ ಕಾರ್ಯಕ್ರಮಗಳಿಂದ ಸನ್ಮಾನವನ್ನು ತೆಗೆದು ಆ ಜಾಗಕ್ಕೆ ಇದನ್ನು ಸೇರಿಸಿದಳು. ಸೇರಿಸುವುದನ್ನು ನಿಂತು ನೋಡಿ, ಮನೆಗೆ ಹೊರಟೆ.