ಸುಡುಗಾಡಿನಿಂದ ಹಾವೆಬ್ಬಿಸಿದ ಮೇಸ್ತ್ರಿಯಮ್ಮ

ನನ್ನ ಮೊಮ್ಮಗಳು ಗೆದ್ದಳು. ಇವತ್ತು ಹೊಸೂರಿನಲ್ಲಿ ನಡೆದ ಎಲೆಯಾಟದ ಪಂದ್ಯದಲ್ಲಿ ಮೀಸೆ ಚಿಗುರಿದ ಹುಡುಗರನ್ನೆಲ್ಲ ಎದುರಿಗೆ ಕೂರಿಸಿಕೊಂಡು ಸೋಲಿಸಿ, ಎಂಟನೇ ಕ್ಲಾಸಿನ ನಮ್ಮ ಹುಡುಗಿ ಮೊದಲನೇ ಬಹುಮಾನ ತಂದಳು. ಇಸ್ಪೀಟಲ್ಲ ಅದು. ಎಲೆಗಳ ತುಂಬ ಬೆಂಕಿ ಉಗುಳುವ ಡ್ರ್ಯಾಗನ್‌ಗಳು, ಒಬ್ಬೊಬ್ಬರೂ ತಮ್ಮ ಕಟ್ಟನ್ನು ತಾವೇ ಆರಿಸಿ ಜೋಡಿಸಿಕೊಂಡು ಬರಬೇಕು. ಸತ್ತ ಎಲೆಗಳನ್ನಿಡುವ ಜಾಗಕ್ಕೆ ಸುಡುಗಾಡು ಅಂತಲೇ ಹೆಸರಂತೆ. ನಮ್ಮ ಹುಡುಗಿ ತನ್ನ ಡ್ರ್ಯಾಗನ್‌ಗಳನ್ನು ತಾನೇ ಸುಡುಗಾಡಿಗೆ ಎಸೆದು, ಅಲ್ಲಿಂದ ಎಬ್ಬಿಸಿ ತಂದು ಗೆದ್ದಳು. ಪಂದ್ಯ ನಡೆಸುತ್ತಿದ್ದವರು ಇದನ್ನು ಯಾರು ಹೇಳಿಕೊಟ್ಟರು ಅಂತ ಕೇಳಿದರೆ ನಮ್ಮಜ್ಜಿ ಅಂದಳಂತೆ.

ಅದನ್ನು ಕೇಳಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ ನನಗೆ. ಆದರೆ ಆ ಮಾತು ಪೂರ್ತಿ ನಿಜವಲ್ಲ. ನನಗೆ ಹೇಳಿಕೊಟ್ಟವರು ಬೇರೆ ಒಬ್ಬರಿದ್ದರು, ನಾನು ಕೆಲಸಕ್ಕಿದ್ದ ಬೆಂಕಿಪೆಟ್ಟಿಗೆ ಶೆಡ್ಡಿನ ಮೇಸ್ತ್ರಿಯಮ್ಮ. ಅವರನ್ನು ಬಿಟ್ಟು ನಾನೊಬ್ಬಳೇ ಹಿಗ್ಗಿದರೆ ನ್ಯಾಯವಲ್ಲ.

ಮೇಸ್ತ್ರಿಯಮ್ಮನ ಬಲಗೈ ಹೆಬ್ಬೆರಳು ಚಪ್ಪಟೆಯಾಗಿ, ಮರದ ಸೌಟಿನ ತುದಿಯ ಹಾಗಿತ್ತು. ಬೆಂಕಿಪೆಟ್ಟಿಗೆಗೆ ಚೀಟಿ ಅಂಟಿಸಿ ಒತ್ತಿ ಒತ್ತಿ ಹಾಗಾಗಿದ್ದು. ಮೈದಾ ಅಂಟು ಒಣಗಿ ಆ ಬೆರಳ ಮೇಲೆ ಪೊರೆ ಕಟ್ಟುತ್ತಿತ್ತು. ಮಾತಾಡುತ್ತಲೇ ಅದನ್ನು ಸುಲಿದು ಸುಲಿದು ಹಾಕುತ್ತಿದ್ದರು. ಬೈಯುವುದು ತೆಲುಗಿನಲ್ಲಿ, ಪೆಟ್ಟಿಗೆ ಎಣಿಸುವುದು ತಮಿಳಿನಲ್ಲಿ, ಸಮಾಧಾನ ಹೇಳುವುದು ಮಾತ್ರ ಕನ್ನಡದಲ್ಲಿ. ಕನ್ನಡ ಮಾತಾಡುವ ತಳಿ ಊರಿನ ಕಡೆಯಿಂದ ಮದುವೆಯಾಗಿ ಬಂದಿದ್ದ ನನಗೆ ಆ ಕನ್ನಡ ಕೇಳಿದರೇ ಹೊಟ್ಟೆ ತಂಪಾಗುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಸೂಳಗಿರಿ ದಾಟಿ ಕೃಷ್ಣಗಿರಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ಬೆಂಕಿಪೆಟ್ಟಿಗೆ ಶೆಡ್ಡು ಇತ್ತು. ಮೂವತ್ತು ಹೆಂಗಸರು. ಒಂದು ಕೊನೆಯಲ್ಲಿ ಕಡ್ಡಿಯ ತಲೆಗೆ ಮದ್ದು ಅದ್ದುವ ಕೋಣೆ, ಅದರ ಘಾಟು ಇಡೀ ಶೆಡ್ಡಿಗೆ ಹೊಡೆಯುತ್ತಿತ್ತು. ಇನ್ನೊಂದು ಕೊನೆಯಲ್ಲಿ ಒಂದೇ ಒಂದು ದೊಡ್ಡ ಕಿಟಕಿ, ಆಚೆಗೆ ಹೊಂಗೆಮರ. ಗಾಳಿ, ಬೆಳಕು ಎರಡೂ ಅಲ್ಲೇ. ಆ ಜಾಗಕ್ಕೋಸ್ಕರ ಹಿಂದೊಮ್ಮೆ ಇಬ್ಬರು ಜಡೆ ಹಿಡಿದು ಎಳೆದಾಡಿದ್ದರಂತೆ. ಆವತ್ತಿನಿಂದ ಮೇಸ್ತ್ರಿಯಮ್ಮ ಒಂದು ಕಟ್ಟಳೆ ಮಾಡಿದರು. ಸೋಮವಾರ ಊಟದ ಹೊತ್ತಿನಲ್ಲಿ, ಕಿಟಕಿ ಹಿಡಿದವಳ ಎದುರು ಬೇಕಾದವಳು ಕೂತು ಚೀಟಿಯಾಟ. ಗೆದ್ದವರಿಗೆ ಆ ವಾರ ಕಿಟಕಿ. ಮೇಸ್ತ್ರಿ ಮಾತ್ರ ಆಟಕ್ಕೆ ಕೂರುವಂತಿಲ್ಲ. ತಮ್ಮ ಜಾಗವನ್ನು ಅವರು ಮದ್ದಿನ ಕೋಣೆಯ ಬಾಗಿಲಲ್ಲೇ ಇಟ್ಟುಕೊಂಡಿದ್ದರು.

ಆಡುತ್ತಿದ್ದದ್ದು ಅಚ್ಚು ಕೆಟ್ಟ ಚೀಟಿಗಳಲ್ಲಿ. ಬಣ್ಣ ಜರುಗಿ ಹುಲಿಯ ಕಣ್ಣು ತಲೆಯಿಂದ ಆಚೆ ಕೂತಿರುತ್ತಿತ್ತು, ನವಿಲಿಗೆ ಎರಡು ಕೊಕ್ಕು. ಅವನ್ನು ಒಲೆಗೆ ಹಾಕದೆ ಕೂಡಿಟ್ಟು ಆಟ ಕಟ್ಟಿದ್ದು ಮೇಸ್ತ್ರಿಯಮ್ಮನ ತಲೆ. ಎಂಥ ತಲೆ ಅಂತೀರಿ! ಓದು ಬರಹ ಇಲ್ಲದ ಹೆಂಗಸು.

ಒಬ್ಬೊಬ್ಬರದು ಇಪ್ಪತ್ತು ಚೀಟಿಯ ಕಟ್ಟು. ಕೈಯಲ್ಲಿ ಐದು, ಸುತ್ತು ಮುಗಿದ ಮೇಲೆ ಒಂದು ಹೊಸದು. ಇಬ್ಬರೂ ಒಂದೊಂದು ಇಳಿಸಬೇಕು, ದೊಡ್ಡದು ಗೆಲ್ಲುತ್ತದೆ. ಹೂವಿಗಿಂತ ನವಿಲು, ನವಿಲಿಗಿಂತ ಹುಲಿ, ಎಲ್ಲಕ್ಕಿಂತ ರೆಕ್ಕೆಹಾವು. ನಾಲ್ಕು ಕಾಲು, ಬಾಯಲ್ಲಿ ಬೆಂಕಿ, ಬೆನ್ನಿಗೆ ರೆಕ್ಕೆ. ಈಗ ಮೊಮ್ಮಗಳು ಡ್ರ್ಯಾಗನ್ ಅನ್ನುತ್ತಾಳಲ್ಲ, ಅದೇ. ಹೂವು ಬಿಟ್ಟಿ. ನವಿಲು ಇಳಿಸಲು ಕೈಯಿಂದ ಒಂದು ಚೀಟಿ ಕಳೆಯಬೇಕು, ಹುಲಿಗೆ ಎರಡು, ರೆಕ್ಕೆಹಾವಿಗೆ ನಾಲ್ಕು. ಅದನ್ನು ಇಳಿಸಿದವಳ ಕೈ ಬರಿದೋ ಬರಿದು. ಕಳೆದದ್ದು, ಆಡಿ ಮುಗಿದದ್ದು ಎಲ್ಲ ಅವರವರ ಮುಂದೆ ಗುಡ್ಡೆ ಬೀಳುತ್ತಿತ್ತು. ಅದೇ ಸುಡುಗಾಡು. ದೀಪದ ಚೀಟಿ ಅಂತ ಒಂದಿತ್ತು. ಅದನ್ನು ಇಳಿಸಿದರೆ ನಮ್ಮ ಸುಡುಗಾಡಿನಿಂದ ಯಾವುದಾದರೂ ಒಂದನ್ನು ಬಿಟ್ಟಿಯಾಗಿ ಎಬ್ಬಿಸಿ ಆಡಿಸಬಹುದು. ಐದು ಸುತ್ತು ಮೊದಲು ಗೆದ್ದವರದು ಆಟ.

ನನಗೆ ಆಗ ಐದು ತಿಂಗಳ ಹೆಣ್ಣುಮಗು. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದೆ ಜೊತೆಗೇ ತರುತ್ತಿದ್ದೆ. ಶೆಡ್ಡಿನ ಘಾಟಿಗೆ ಮಗು ಕೆಮ್ಮಿ ಕೆಮ್ಮಿ ಮೊಲೆ ಹಿಡಿಯುವುದನ್ನೇ ಬಿಡುತ್ತಿತ್ತು. ಕೃಷ್ಣಗಿರಿಯ ಡಾಕ್ಟರು, ಈ ಹೊಗೆಯಲ್ಲಿ ಇಟ್ಟುಕೊಂಡರೆ ಮಗುವಿನ ಎದೆ ಉಳಿಯುವುದಿಲ್ಲ ಅಂದುಬಿಟ್ಟರು. ಕಿಟಕಿಯ ಮೇಲಿನ ತೊಲೆಗೆ ಸೀರೆ ತೊಟ್ಟಿಲು ಕಟ್ಟಬೇಕು, ಇಲ್ಲವೇ ಕೆಲಸ ಬಿಡಬೇಕು. ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲ.

ನಾನು ಮೇಸ್ತ್ರಿಯಮ್ಮನ ಹತ್ತಿರ ಹೋಗಿ ಅತ್ತೆ. ನೀವು ಹೇಳಿದರೆ ಯಾರೂ ಎದುರಾಡುವುದಿಲ್ಲ, ಕಿಟಕಿ ಕೊಡಿಸಿ ಅಂದೆ. ಅವರು ಬೆರಳಿನ ಅಂಟು ಸುಲಿಯುತ್ತಾ ಅಂದರು:

“ನಾನ್ ಕೊಟ್ರೆ ನಾಳೆ ಇನ್ನೊಬ್ಳು ಕಿತ್ಕೋತಾಳೆ ಕಣಮ್ಮಿ. ಗೆದ್ಕೊಂಡ್ರೆ ಯಾರೂ ಕೇಳಾಕಿಲ್ಲ.”

ಸರಿ, ಗೆಲ್ಲಬೇಕಲ್ಲ ಅಂತ ನನ್ನ ಹುಲಿಗಳನ್ನೆಲ್ಲ ಕೊಟ್ಟು, ಮೇಲೆ ಕನಕಾಂಬರದ ದಂಡೆಗಳನ್ನೂ ಕಟ್ಟಿಕೊಟ್ಟು, ಐದು ರೆಕ್ಕೆಹಾವು ಸಂಪಾದಿಸಿದೆ. ಶೆಡ್ಡಿನಲ್ಲಿ ಯಾರ ಹತ್ತಿರವೂ ಅಷ್ಟಿರಲಿಲ್ಲ. ಸೋಮವಾರ ಠೀವಿಯಿಂದ ಹೋಗಿ ಕೂತೆ. ಎದುರಿಗೆ ಕಿಟಕಿ ಹಿಡಿದಿದ್ದ ಕಾವೇರಿಪಟ್ಟಣದ ಅಕ್ಕ. ಅವಳಿಗೆ ಕಣ್ಣು ಮಂಜು, ಬೆಳಕಿಲ್ಲದಿದ್ದರೆ ಚೀಟಿ ಸೊಟ್ಟ ಅಂಟುತ್ತಿತ್ತು. ಅವಳಿಗೂ ಆ ಜಾಗ ಬೇಕೇ ಬೇಕು. ಹಾವುಗಳು ನನ್ನ ಕೈಯಲ್ಲೇ ಕೂತವು. ಇಳಿಸಲು ಚೀಟಿ ಸಾಲದು, ಒಮ್ಮೆ ಇಳಿಸಿದರೆ ಮುಂದಕ್ಕೆ ಏನೂ ಇಲ್ಲ. ಐದಕ್ಕೆ ಒಂದರಲ್ಲಿ ಸೋತೆ.

ಮಾರನೆಯ ದಿನ ಹೊಂಗೆಮರದ ಕೆಳಗೆ ಮೇಸ್ತ್ರಿಯಮ್ಮ ನನ್ನ ಕಟ್ಟನ್ನು ಬಿಚ್ಚಿ ಹರವಿದರು. ಮೂರು ಹಾವು ತೆಗೆದು ಬದಿಗಿಟ್ಟರು. ಆರು ದೀಪ ಸೇರಿಸಿದರು. ಮಿಕ್ಕಿದ್ದು ನವಿಲು, ಹೂವು. ನವಿಲು ಇಳಿಸುವಾಗ ಒಂದು ಚೀಟಿ ಕಳೆಯಬೇಕಲ್ಲ, ಆಗ ಹಾವನ್ನೇ ಕಳೆ, ಆಮೇಲೆ ದೀಪ ಹಚ್ಚಿ ಎಬ್ಬಿಸು ಅಂದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

“ಕೈಯಾಗಿರೋ ಹಾವು ಸತ್ತ ಹಾವು. ಸುಡುಗಾಡಾಗಿರೋದೇ ಬದ್ಕಿರೋ ಹಾವು. ದೀಪ ಇದ್ರೆ ಅದು ಎಷ್ಟ್ ಸಲ ಸತ್ರೂ ಎದ್ ಬತ್ತದೆ.”

ಅದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ದೀಪದ ಚೀಟಿ ಎಲ್ಲರ ಹತ್ತಿರವೂ ಇತ್ತು. ಆದರೆ ಸುಡುಗಾಡಿಗೆ ಕೈ ಹಾಕುವುದೆಂದರೆ ನಮ್ಮ ಹೆಂಗಸರಿಗೆ ಅಳುಕು. ಅದರಲ್ಲೂ ಹಾಲೂಡಿಸುವ ತಾಯಿ ಸುಡುಗಾಡಿನ ಹೆಸರು ಹೊತ್ತದ್ದನ್ನೂ ಮುಟ್ಟಬಾರದು, ಮಗುವಿಗೆ ಸೋಂಕುತ್ತದೆ ಅಂತ ನಮ್ಮತ್ತೆ ಬದುಕಿದ್ದಾಗ ಹೇಳಿದ್ದರು. ಮೇಸ್ತ್ರಿಯಮ್ಮನ ಮುಂದೆ ತಲೆಯಾಡಿಸಿ ಬಂದೆ. ಮುಂದಿನ ಸೋಮವಾರ ಆಟ ನಾಲ್ಕಕ್ಕೆ ನಾಲ್ಕಾಯಿತು. ಆಡಿ ಮುಗಿದ ಹಾವು ಸುಡುಗಾಡಿನಲ್ಲಿತ್ತು, ದೀಪ ಕೈಯಲ್ಲಿತ್ತು. ಪಕ್ಕದಲ್ಲಿ ಮಗು ಕೆಮ್ಮಿತು. ನಾನು ದೀಪ ಬಿಟ್ಟು ಹೂವು ಇಳಿಸಿದೆ. ಸೋತೆ.

ಮೇಸ್ತ್ರಿಯಮ್ಮ ಬೈಯಲಿಲ್ಲ. ಸಂಜೆ ಬಸ್ಸಿಗೆ ನಿಂತಿದ್ದಾಗ ಹತ್ತಿರ ಬಂದು, ದೀಪ ಇಟ್ಟುಕೊಂಡು ಯಾಕೆ ಸುಮ್ಮನಾದೆ ಅಂತ ಕೇಳಿದರು. ಇದ್ದದ್ದು ಹೇಳಿದೆ. ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡರು. 

“ನಾನು ಮೂರು ಮಕ್ಳನ್ನ ದಿಟವಾದ ಸುಡುಗಾಡಾಗೆ ಮಲಗ್ಸಿ ಬಂದೋಳು ಕಣವ್ವ. ಒಂದನ್ನೂ ಎಬ್ಬಿಸ್ಕೊಂಡ್ ಬರಾಕಾಗ್ಲಿಲ್ಲ. ಅದ್ಕೇ ಈ ಆಟದಾಗೆ ದೀಪ ಮಡಗಿದ್ದು. ಇಲ್ಲಾದ್ರೂ ಎದ್ ಬರ್ಲಿ ಅಂತ. ಇದ್ರಾಗೆ ಸೋಂಕೇನೈತೆ?”

ಅಷ್ಟು ವರ್ಷ ಆ ಶೆಡ್ಡಿನಲ್ಲಿದ್ದವರು ಯಾರಿಗೂ ಆ ವಿಷಯ ಗೊತ್ತಿರಲಿಲ್ಲ. ಬಸ್ಸು ಬಂತು. ಮಗುವನ್ನು ಕೊಟ್ಟು, ಹುಷಾರು, ಬಾಗಿಲ ಹತ್ತಿರ ನಿಲ್ಲಬೇಡ ಅಂದರು, ಅಷ್ಟೇ.

ಮೂರನೇ ಸೋಮವಾರ. ಮೊದಲ ಸುತ್ತಿಗೆ ನವಿಲು ಇಳಿಸಿ, ರೆಕ್ಕೆಹಾವನ್ನು ಸುಡುಗಾಡಿಗೆ ಎಸೆದೆ. ಸುತ್ತ ಕೂತವರೆಲ್ಲ ಕಿಸಕ್ಕೆಂದರು. ಕಣ್ಣು ಮಂಜಾಗಿರುವುದು ಯಾರಿಗಮ್ಮ, ಇವಳಿಗಾ ಅಕ್ಕನಿಗಾ ಅಂತ ಒಬ್ಬಳು ರೇಗಿಸಿದಳು. ಅಕ್ಕನ ಹುಲಿ ನನ್ನ ನವಿಲನ್ನು ತಿಂದಿತು. ಎರಡನೇ ಸುತ್ತೂ ಹೋಯಿತು. ಮೂರರಲ್ಲಿ ದೀಪ ಇಳಿಸಿ ಹಾವೆಬ್ಬಿಸಿದೆ. ಗೆದ್ದೆ. ನಾಲ್ಕರಲ್ಲಿ ಇನ್ನೊಂದು ದೀಪ, ಅದೇ ಹಾವು. ಐದರಲ್ಲೂ ಅದೇ. ಯಾರೂ ನಗುತ್ತಿರಲಿಲ್ಲ. ಆಮೇಲೆ ದೀಪ ಬರದೆ ಎರಡು ಸುತ್ತು ಸೋತೆ, ಮತ್ತೊಂದು ಬಂದು ಒಂದು ಗೆದ್ದೆ. ಮತ್ತೆ ನಾಲ್ಕಕ್ಕೆ ನಾಲ್ಕು. ಕೊನೆಯ ಸುತ್ತಿಗೆ ಚೀಟಿ ಎತ್ತಿಕೊಂಡೆ, ದೀಪ. ಮೇಸ್ತ್ರಿಯಮ್ಮನ ಮುಖ ನೋಡೋಣವೆಂದರೆ ಅವರು ಬೇಕೆಂದೇ ಕಿಟಕಿಯ ಆಚೆ ನೋಡುತ್ತಿದ್ದರು. ನಾನು ಸುಡುಗಾಡಿಗೆ ಕೈ ಹಾಕಿದೆ. ಹಾವನ್ನು ಎತ್ತಿ ಅಕ್ಕನ ಹುಲಿಯ ಎದುರು ಮಡಗಿದೆ.

ಅಕ್ಕ ತನ್ನ ಮಣೆ ಎತ್ತಿಕೊಂಡು ಎದ್ದಳು. ಎರಡು ಹೆಜ್ಜೆ ಹೋದವಳು ವಾಪಸ್ಸು ಬಂದು, ನಿನ್ನ ಗಂಟು ನಂಬೋಕಾಗಲ್ಲ ಅಂತ ತಮಿಳಿನಲ್ಲಿ ಗೊಣಗುತ್ತಾ ತೊಟ್ಟಿಲನ್ನು ತಾನೇ ತೊಲೆಗೆ ಬಿಗಿದಳು. ಆಮೇಲೆ ನಾನು ಸೋತ ಸೋಮವಾರಗಳೂ ಬಂದವು, ಅಕ್ಕ ಮತ್ತೆ ಕಿಟಕಿಗೆ ಬಂದು ಕೂತಳು. ತೊಟ್ಟಿಲನ್ನು ಮಾತ್ರ ಯಾರೂ ಬಿಚ್ಚಲಿಲ್ಲ. ಅಕ್ಕ ಕಾಲಲ್ಲಿ ತೂಗುತ್ತಾ ಕೈಯಲ್ಲಿ ಚೀಟಿ ಅಂಟಿಸುತ್ತಿದ್ದಳು.

ಎಂಬತ್ತರ ದಶಕದ ನಡುವಿನಲ್ಲಿ ಶೆಡ್ಡು ಮುಚ್ಚಿತು. ಮದ್ದಿನ ಕೋಣೆಯ ಬಾಗಿಲಲ್ಲಿ ಅಷ್ಟು ವರ್ಷ ಕೂತಿದ್ದ ಮೇಸ್ತ್ರಿಯಮ್ಮನಿಗೆ ಎದೆ ಹಿಡಿದುಕೊಂಡಿತು. ಸೂಳಗಿರಿಯಲ್ಲಿ ಅವರ ತಂಗಿಯ ಮನೆಗೆ ನೋಡಲು ಹೋದಾಗ ಮಗಳನ್ನೂ ಕರೆದುಕೊಂಡು ಹೋಗಿದ್ದೆ, ಅವಳಿಗಾಗ ಏಳು ವರ್ಷ. ಅವರಿಗೆ ಎರಡು ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು. ಮಗಳನ್ನು ಹತ್ತಿರ ಕರೆದು, ಬೆನ್ನು ತಿರುಗಿಸಿ ನಿಲ್ಲಿಸಿ, ಆ ಬೆನ್ನಿಗೆ ಕಿವಿ ಇಟ್ಟರು. ಜೋರಾಗಿ ಉಸಿರೆಳಕೋ ಅಂದರು. ಹುಡುಗಿ ಎಳೆದಳು. ಇನ್ನೊಂದು ಸಲ ಅಂದರು. ಕಣ್ಣು ಮುಚ್ಚಿಕೊಂಡು ಕೇಳಿದರು.

“ಒಳ್ಳೆ ಸದ್ದು,” ಅಂದರು.

ಹದಿನೈದು ದಿನಕ್ಕೆ ಹೋಗಿಬಿಟ್ಟರು. ಮಣ್ಣು ಹಾಕುವಲ್ಲಿಗೆ ಹೆಂಗಸರು ಬರಬಾರದು ಅಂದರೂ ನಾವು ಏಳು ಜನ ಹೋದೆವು. ಕಾವೇರಿಪಟ್ಟಣದ ಅಕ್ಕ ಎಲ್ಲರಿಗಿಂತ ಮುಂದೆ.

ಅವರು ಉಳಿಸಿಕೊಟ್ಟ ಆ ಹುಡುಗಿಯ ಮಗಳೇ ಇವತ್ತು ಗೆದ್ದವಳು. ಎರಡು ತಿಂಗಳ ಹಿಂದೆ ಕಟ್ಟಿನ ತುಂಬ ಡ್ರ್ಯಾಗನ್ ತುಂಬಿಕೊಂಡು, ಸೋತು ಬಂದು ಮೂಲೆಯಲ್ಲಿ ಕೂತಿದ್ದಳು. ಆಟ ಹೇಗೆ ಅಂತ ಕೇಳಿ ತಿಳಿದುಕೊಂಡು, ಎಬ್ಬಿಸುವ ಎಲೆ ಎಷ್ಟಿವೆ ಅಂದೆ. ಎರಡೇ ಅಂದಳು. ಡ್ರ್ಯಾಗನ್ ಕಮ್ಮಿ ಮಾಡಿ ಅದನ್ನು ಹೆಚ್ಚಿಸು ಅಂದೆ. ಅಜ್ಜಿ, ನಿಂಗೆ ಇದೆಲ್ಲ ಹೆಂಗೊತ್ತು ಅಂತ ನನ್ನನ್ನೇ ನೋಡಿದಳು. ಆವತ್ತು ಮೇಸ್ತ್ರಿಯಮ್ಮನ ಹೆಸರು ಹೇಳದೆ ಜಂಬ ಕೊಚ್ಚಿಕೊಂಡೆ, ತಪ್ಪಾಯಿತು.

ಇವತ್ತು ಸಂಜೆ ಎಲ್ಲರೂ ಸೇರಿದ ಮೇಲೆ ಪೂರ್ತಿ ಹೇಳಿದೆ. ಅಳಿಯ ಫ್ಯಾಕ್ಟರಿ ಶಿಫ್ಟು ಬದಲಾಯಿಸಿಕೊಂಡು ಬಂದಿದ್ದ, ಡೆಂಕಣಿಕೋಟೆಯಿಂದ ಮಗ ಸೊಸೆ ಬಂದಿದ್ದರು. ನಡುಮನೆಯಲ್ಲೇ ಚಾಪೆ ಹಾಸಿ ಸಾಲಾಗಿ ಕೂತೆವು. ಮುದ್ದೆ, ನಾಟಿಕೋಳಿ ಸಾರು. ಗೆದ್ದವಳಿಗೆ ಲಿವರು ತನಗೇ ಬೇಕು ಅಂತ ಹಟ, ಅವಳ ಮಾವ ಕೊಡುವುದಿಲ್ಲ ಅಂತ ಕಾಡಿಸಿದ. ನನ್ನ ಮಗಳು ಮಾತ್ರ ಎಂದೂ ಕೇಳದಿದ್ದ ಆ ತೊಟ್ಟಿಲಿನ ಕತೆ ಕೇಳಿ ಎದ್ದು ನನ್ನ ಪಕ್ಕಕ್ಕೆ ಬಂದಳು. ಆಮೇಲೆ ಸೌಟು ತಗೊಂಡು ಮೊದಲು ನನ್ನ ತಟ್ಟೆಗೆ ಸಾರು ಬಡಿಸಿ, ತಿನ್ನಮ್ಮ, ಆರೋಗ್ತದೆ ಅಂದಳು. ಎಲ್ಲರೂ ಮುದ್ದೆ ಮುರಿದೆವು.