ದೊಡ್ಡಮ್ಮ ಕರೆಯದ ಮದುವೆ

ಫೋನಿಗೆ ಬಂದ ಆ ಲಗ್ನಪತ್ರಿಕೆಯನ್ನು ಒತ್ತಿದ್ದು ನೀನಲ್ಲ, ದೊಡ್ಡಮ್ಮ. ನಾನು.

ಇಷ್ಟು ಹೇಳಲು ನನಗೆ ಎರಡು ವರ್ಷ ಬೇಕಾಯಿತು. ನೀನು ಕಂಡಕಂಡವರ ಮುಂದೆ "ಓದುಬರಹ ಇಲ್ದೋಳು, ನಾನೇ ಏನೋ ಒತ್ಬುಟ್ಟೆ" ಎಂದು ತಲೆ ತಗ್ಗಿಸಿದಾಗಲೆಲ್ಲ ನಾನು ಪಕ್ಕದಲ್ಲೇ ಇದ್ದೆ. ಒಮ್ಮೆಯೂ ಬಾಯಿ ಬಿಡಲಿಲ್ಲ. ಮಾತು ನಾಲಿಗೆಯ ತುದಿಯವರೆಗೆ ಬಂದದ್ದುಂಟು — ಬಂದು ಹಿಂದಿರುಗಿದ ಮಾತಿಗೆ ಏನು ಬೆಲೆ?

ಇದನ್ನು ಓದುವ ಹೊರಗಿನವರಿಗೆ ನೀನು ಯಾರೆಂದು ಗೊತ್ತಿಲ್ಲ. ಕೊಡಿಗೇನಹಳ್ಳಿಯ ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆಯಾಗಲಿ, ನಾಮಕರಣವಾಗಲಿ, ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಕರೆಯಲು ಹೋಗುತ್ತಿದ್ದವಳು ನೀನು. ಕಾರ್ಡು ಎಷ್ಟೇ ಚೆನ್ನಾಗಿದ್ದರೂ ನಮ್ಮಲ್ಲಿ ಬರೀ ಕಾರ್ಡಿಗೆ ಯಾರೂ ಬರುವುದಿಲ್ಲ. ಹೊಸಿಲಿನಲ್ಲಿ ನಿಂತು, ಹಣೆಗೆ ಕುಂಕುಮವಿಟ್ಟು, ಬಾಯಲ್ಲಿ ಕರೆಯಬೇಕು. ನೀನು ಕರೆಯುವ ರೀತಿಯೇ ಬೇರೆಯಿತ್ತು.

"ಅವತ್ತು ನಿಮ್ಮನೇಲಿ ಒಲೆ ಹಚ್ಚಂಗಿಲ್ಲ ಕಣಮ್ಮ. ಕೋಳಿ ಒಂದ್ನ ಬುಟ್ಟು ಎಲ್ರೂ ಬರ್ಬೇಕು."

ಹಿಂದಿನ ಬೀದಿಯ ಗಂಗಮ್ಮ, ನೀನು ಮದುವೆಯಾಗಿ ಈ ಊರಿಗೆ ಬಂದ ದಿನದಿಂದ ನಿನ್ನ ಗೆಳತಿ, ಸುಮ್ಮನಿರುತ್ತಿರಲಿಲ್ಲ. "ಕೋಳೀನೂ ಹಿಡ್ಕೊಂಡೇ ಬತ್ತೀನಿ ಬುಡು ರತ್ನಿ, ಸಾರಿಗಾಯ್ತದೆ!"

ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ನೀನು ಕರೆದರೆ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. ರತ್ನಮ್ಮ ಕರೆದ ಮೇಲೆ ಹೋಗದೆ ಇರುವುದುಂಟೇ? ಅದು ನಿನ್ನ ಹೆಸರಿನ ತೂಕ. ಕಳ್ಳರು ಕದ್ದದ್ದು ಆ ಹೆಸರನ್ನು. ಅವರಿಗೆ ಬಾಗಿಲು ತೆಗೆದವಳು ನಾನು.

ಅಂದು ಭಾನುವಾರ. ಮಧುಗಿರಿಯ ಶಾಲೆಯಲ್ಲಿ ವಿಜ್ಞಾನ ಪಾಠ ಹೇಳುವ ನಾನು ರಜೆಗೆ ನಿನ್ನ ಮನೆಗೆ ಬಂದಿದ್ದೆ. ನೀನು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದೆ. ಗೂಡಿನಲ್ಲಿದ್ದ ನಿನ್ನ ಫೋನು ಸದ್ದು ಮಾಡಿತು.

"ಯಾರ್ದು ನೋಡು ಅಮ್ಮಣ್ಣಿ. ಕೈ ಹಿಟ್ಟಾಗೈತೆ."

ಚನ್ನರಾಯನದುರ್ಗದ ಸೋದರಮಾವನ ನಂಬರಿನಿಂದ ವಾಟ್ಸಪ್ ಬಂದಿತ್ತು. 'ಲಗ್ನಪತ್ರಿಕೆ' ಎಂದು ಹೆಸರಿದ್ದ ಒಂದು ಫೈಲು. ಮಾವನ ಮನೆಯಲ್ಲಿ ಮದುವೆಯ ವಯಸ್ಸಿನವರು ಯಾರಿದ್ದಾರೆ ಎಂಬ ಕುತೂಹಲ ನನಗೆ. ಒತ್ತಿದೆ. ಚಿತ್ರ ಬರಲಿಲ್ಲ, ಇದು ಗೊತ್ತಿಲ್ಲದ ಕಡೆಯಿಂದ ಬಂದಿರುವ ಆ್ಯಪ್, ಇದರಿಂದ ಹಾನಿಯಾಗಬಹುದು ಎಂದು ಫೋನೇ ಎಚ್ಚರಿಸಿತು. ಫೋನು ನನ್ನನ್ನು ತಡೆದಿತ್ತು ದೊಡ್ಡಮ್ಮ — ಈಗಲೂ ಆ ಪರದೆ ಕಣ್ಣ ಮುಂದಿದೆ. ಲಗ್ನಪತ್ರಿಕೆ ನೋಡಲು ಆ್ಯಪ್ ಯಾಕೆ ಬೇಕು ಎಂದು ಒಂದು ಕ್ಷಣ ಯೋಚಿಸಿದ್ದರೆ... ಮಕ್ಕಳಿಗೆ ದಿನವೂ 'ಪ್ರಶ್ನೆ ಕೇಳಿ' ಎನ್ನುವ ನಾನು ಕೇಳಲಿಲ್ಲ. ಎಲ್ಲದಕ್ಕೂ ಒಪ್ಪಿಗೆ ಒತ್ತಿದೆ. ಮೆಸೇಜು ಓದಲೇ ಎಂದು ಕೇಳಿತು, ಅದಕ್ಕೂ ಹೂಂ ಎಂದೆ. ಏನೂ ತೆರೆಯಲಿಲ್ಲ.

"ಯಾರ ಮದ್ವೆಯಮ್ಮಿ?"

"ಏನಿಲ್ಲ ಬುಡು ದೊಡ್ಡಮ್ಮ. ಸುಮ್ನೆ ಬಂದೈತೆ."

ಏನಿಲ್ಲ ಬುಡು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಇಷ್ಟೇ ಆಗಿದ್ದರೆ ತಿಳಿಯದೆ ಆದ ತಪ್ಪು ಎನ್ನಬಹುದಿತ್ತು. ಆದರೆ ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಉಂಡು, ಸಂಜೆಯ ಬಸ್ಸು ಹತ್ತಿದೆ. ಮಧುಗಿರಿ ಬೆಟ್ಟ ಕಾಣುವಲ್ಲಿಗೆ ಬಂದಾಗ ನನ್ನ ಫೋನು ತೆಗೆದೆ. ಅದೇ ಲಗ್ನಪತ್ರಿಕೆ ನನಗೂ ಬಂದಿತ್ತು. ಅದರ ಹಿಂದೆಯೇ ಮಾವ ಬೇರೆಯವರ ಫೋನಿನಿಂದ ಕಳಿಸಿದ ಮಾತು: "ನನ್ನ ಫೋನ್ ಕಳ್ಳರ ಕೈಗೆ ಸಿಕ್ಕೈತೆ. ನನ್ನ ಹೆಸರಲ್ಲಿ ಏನು ಬಂದ್ರೂ ಒತ್ತಬೇಡ್ರಪ್ಪ."

ಆಗಲೇ ನಿನಗೆ ಫೋನು ಮಾಡಬೇಕಿತ್ತು. ನೆಟ್ ಆರಿಸು ದೊಡ್ಡಮ್ಮ, ಸಿಮ್ ತೆಗೆಸು, ಗಂಗಮ್ಮನಿಗೆ ಹೇಳು, ಬೀದಿಗೆಲ್ಲ ಹೇಳು... ಬೆರಳು ನಿನ್ನ ಹೆಸರಿನ ಮೇಲೆ ಇತ್ತು. ಫೋನು ಮಾಡಿದರೆ ಒತ್ತಿದವಳು ನಾನೆಂದು ಹೇಳಬೇಕಾಗುತ್ತಿತ್ತು. ನಿನಗೆ ಸದಾ 'ಓಟಿಪಿ ಯಾರಿಗೂ ಹೇಳಬೇಡ' ಎಂದು ಪಾಠ ಮಾಡುತ್ತಿದ್ದವಳು ನಾನಲ್ಲವೇ? ಫೋನನ್ನು ಬ್ಯಾಗಿಗೆ ಹಾಕಿದೆ. ಏನೂ ಆಗಲಿಕ್ಕಿಲ್ಲ, ಬೆಳಿಗ್ಗೆ ನೋಡೋಣ ಎಂದುಕೊಂಡೆ. ಕಿಟಕಿಯಾಚೆ ಬೆಟ್ಟ ನೋಡುತ್ತ ಕೂತೆ.

ಬೆಳಿಗ್ಗೆಯ ಹೊತ್ತಿಗೆ ನಿನ್ನ ನಂಬರಿನಿಂದ, ನಿನ್ನ ನಗುಮುಖದ ಪಟದೊಂದಿಗೆ, ಆ ಲಗ್ನಪತ್ರಿಕೆ ಎಲ್ಲರ ಮನೆಗೂ ಹೋಗಿತ್ತು. ನೀನೇ ಕರೆದಂತೆ. ಮೊದಲು ಫೋನು ಮಾಡಿ, ಯಾರ ಮದುವೆಯೆಂದು ತನ್ನ ತೆಲುಗು ಬೆರೆಸಿ ಕೇಳಿದವಳು ಪಾವಗಡದ ಚಿಕ್ಕಮ್ಮ. "ಏಮಕ್ಕಾ, ಎವರಿ ಪೆಳ್ಳಿ ಇದು? ನಾಕು ಸಲ ಒತ್ತಿದೆ, ಗಂಡು ಹೆಣ್ಣು ಯಾರೂ ಕಾಣಿಸ್ತಾನೇ ಇಲ್ಲ!" ನೀನು ಅವಳ ಜೊತೆ ಸೇರಿ ನಕ್ಕೆಯಂತೆ. ಆಮೇಲೆ ಗಂಗಮ್ಮ ಬಂದಳು. ಮಗಳ ಬಾಣಂತನಕ್ಕೆಂದು ಬ್ಯಾಂಕಿನಲ್ಲಿ ಕೂಡಿಟ್ಟದ್ದು ಹೋಗಿತ್ತು; ಬ್ಯಾಂಕಿನ ಓಟಿಪಿಯನ್ನು ಆ ಆ್ಯಪೇ ಓದಿ ಕಳ್ಳರಿಗೆ ಕೊಟ್ಟಿತ್ತು. ಹಿಂದಿನ ಸಂಜೆಯೇ ಒತ್ತಿದ್ದಳಂತೆ — ನಾನು ಬೆಟ್ಟ ನೋಡುತ್ತ ಕೂತಿದ್ದ ಸಂಜೆ.

ನಾನು ಶಾಲೆಗೆ ರಜೆ ಹಾಕಿ ಓಡಿ ಬಂದಾಗ ಅವಳು ನಿನ್ನ ಜಗಲಿಯ ಮೇಲೆ ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿನ್ ಹೆಸ್ರು ನೋಡ್ಕೊಂಡು ಒತ್ತಿದ್ನಲ್ಲೇ ರತ್ನಿ. ಬ್ಯಾರೆ ಯಾರ್ದಾದ್ರೂ ಆಗಿದ್ರೆ ಕೈಲೂ ಮುಟ್ತಿರ್ಲಿಲ್ಲ ಕಣೇ."

ಆಮೇಲೆ ನಾನು ಮಾಡಿದ್ದನ್ನೆಲ್ಲ ಊರು ಹೊಗಳಿತು. ನಿನ್ನ ಫೋನಿನ ನೆಟ್ ಆರಿಸಿದೆ. ಸೈಬರ್ ಸಹಾಯವಾಣಿಗೆ ಫೋನು ಮಾಡಿ ದೂರು ಬರೆಸಿದೆ. ನಿಮ್ಮಿಬ್ಬರನ್ನೂ ಬ್ಯಾಂಕಿಗೆ ಕರೆದೊಯ್ದು ಖಾತೆ ತಡೆಹಿಡಿಸಿದೆ. ಬೇರೆ ಫೋನಿನಿಂದ ನಿನಗೆ ಗೊತ್ತಿದ್ದವರಿಗೆಲ್ಲ ಒಬ್ಬೊಬ್ಬರಾಗಿ ತಿಳಿಸಿದೆ. ಆ ಫೋನನ್ನು ಪೂರ್ತಿ ಅಳಿಸಿ, ಪಾಸ್‌ವರ್ಡು ಬದಲಿಸಿ, ವಾಟ್ಸಪ್ಪಿಗೆ ಎರಡನೆಯ ಬೀಗದಂತೆ ಒಂದು ಪಿನ್ ಇಡಿಸಿದೆ. ಆಧಾರ್ ಕಾರ್ಡಿನ ಬೆರಳಚ್ಚಿಗೂ ಬೀಗ ಹಾಕಿದೆ. "ಓದಿರೋ ಹುಡ್ಗಿ ಇದ್ದಿದ್ಕೆ ಇಷ್ಟಾದ್ರೂ ಆಯ್ತು" ಎಂದರು. ನೀನೂ ಹಾಗೇ ಎಂದೆ. ನನ್ನ ತಲೆ ಸವರಿದೆ. ಆ ಕೈ ಇನ್ನೂ ನನ್ನ ನೆತ್ತಿಯ ಮೇಲಿರುವಂತಿದೆ ದೊಡ್ಡಮ್ಮ, ಭಾರವಾಗಿ.

ಠಾಣೆಯಲ್ಲಿ ಕೇಳಿದರು: "ಆ ಫೈಲ್ ಓಪನ್ ಮಾಡಿದ್ದು ಯಾರಮ್ಮ?"

"ನಾನೇ ಇರ್ಬೇಕು ಸಾ. ಗ್ಯಾನ ಇಲ್ಲ."

ನಾನು ನಿನ್ನ ಪಕ್ಕದ ಕುರ್ಚಿಯಲ್ಲಿದ್ದೆ.

ಗಂಗಮ್ಮನಿಗೆ ಸ್ವಲ್ಪ ಭಾಗ ವಾಪಸ್ಸು ಬಂತು. ಹಿಂದಿನ ದಿನವೇ ದೂರು ಕೊಟ್ಟಿದ್ದರೆ ಇನ್ನಷ್ಟನ್ನು ತಡೆಯಬಹುದಿತ್ತು ಎಂದರು ಬ್ಯಾಂಕಿನವರು. ಅವರು ಹೇಳಿದ್ದು ನಿನಗೆ, ನೋವಾದದ್ದೂ ನಿನಗೆ. ಆ ಮಾತು ಸೇರಬೇಕಾದದ್ದು ನನಗೆ.

ಅಂದಿನಿಂದ ನೀನು ಕುಂಕುಮದ ಬಟ್ಟಲು ಮುಟ್ಟಲಿಲ್ಲ. ಯಾರಾದರೂ ಕರೆಯಲು ಹೋಗು ಎಂದರೆ "ಮಂಡಿ ನೋವು ಕಣಮ್ಮ" ಎನ್ನುತ್ತೀಯ. ಆಮೇಲಾಮೇಲೆ ಕೇಳುವುದನ್ನೂ ಬಿಟ್ಟರು. ಹೊಲಕ್ಕೆ ನಡೆದು ಹೋಗುವಾಗ ಇಲ್ಲದ ಮಂಡಿ ನೋವು ಅದು, ನನಗೆ ಗೊತ್ತು. ಗಂಗಮ್ಮ ಮಾತು ಬಿಟ್ಟಿಲ್ಲ. ಆದರೆ ಕೋಳಿಯ ತಮಾಷೆ ಮಾಡುವುದಿಲ್ಲ.

ಈಗ ನಿನ್ನ ಮಗಳು ಸವಿತಾಳ ಮದುವೆ ನಿಶ್ಚಯವಾಗಿದೆ. ಕಾರ್ಡು ಬಂದು ನಡುಮನೆಯಲ್ಲಿ ಕಟ್ಟು ಬಿಚ್ಚದೆ ಕೂತಿದೆ. ಮೊನ್ನೆ ನೀನು ನನಗೆ ಹೇಳಿದೆ: "ನೀನೇ ಹೋಗಿ ಕರ್ದುಬುಟ್ಟು ಬಾ ಅಮ್ಮಣ್ಣಿ. ನನ್ ಬಾಯ್ ಮಾತಿಗೆ ಇನ್ಯಾರು ಬತ್ತಾರೆ? ನಿನ್ ಮಾತಾದ್ರೆ ನಂಬ್ತಾರೆ."

ನನ್ನ ಮಾತಾದರೆ ನಂಬುತ್ತಾರೆ... ಅದನ್ನು ಕೇಳಿಸಿಕೊಂಡು ಎದ್ದು ಹಿತ್ತಲಿಗೆ ಹೋದೆ. ನೀರು ಸೇದುವವಳಂತೆ ನಿಂತೆ. ಕೊಡವನ್ನೇ ತಂದಿರಲಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ತಕ್ಷಣ ಕ್ಷಮಿಸಿಬಿಡುತ್ತೀಯ, "ಹೋಗ್ಲಿ ಬುಡು, ಮಗೀಗೆ ಏನ್ ಗೊತ್ತು" ಎನ್ನುತ್ತೀಯ. ನನಗೆ ಗೊತ್ತಿತ್ತು ದೊಡ್ಡಮ್ಮ. ಬಸ್ಸಿನಲ್ಲಿ ನನಗೆಲ್ಲ ಗೊತ್ತಿತ್ತು.

ನಾಳೆ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಇದನ್ನೆಲ್ಲ ಮೊದಲು ನಿನ್ನೆದುರು ಕೂತು ಓದುತ್ತೇನೆ. ಆಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿಯೇ, ಗಂಗಮ್ಮನ ಮನೆಗೆ ಹೋಗುತ್ತೇನೆ. ಅಲ್ಲಿಂದ ಬೀದಿಯ ಪ್ರತಿ ಮನೆಗೆ. ನೀನೂ ಬಂದರೆ ಬಟ್ಟಲನ್ನು ನೀನೇ ಹಿಡಿ, ಕುಂಕುಮವನ್ನೂ ನೀನೇ ಇಡು. ಒಲೆ ಹಚ್ಚಂಗಿಲ್ಲ ಎಂದು ಕರೆಯುವುದು ನಿನ್ನ ಬಾಯಲ್ಲೇ ಆಗಬೇಕು. ಆದರೆ ಹೊಸಿಲಿನಲ್ಲಿ ಮೊದಲು ಮಾತಾಡುವವಳು ನಾನು:

"ಅವತ್ತು ಒತ್ತಿದ್ದು ರತ್ನಮ್ಮ ಅಲ್ಲ. ನಾನು."