ಎರಡು ಬಣ್ಣದ ರವಿಕೆ

ಪುರಸೈವಾಕ್ಕಂನಲ್ಲಿ ಒಬ್ಬ ಟೈಲರ್ ಇದ್ದ. ತನ್ನ ಮಿಶಿನ್ನಿನ ಜೋಗುಳಕ್ಕೆ ತಾನೇ ತೂಕಡಿಸುತ್ತಾ ಹೊಲಿಯುತ್ತಿದ್ದ. ರವಿಕೆ ಬಿಗಿಯಾಯಿತು ಎಂದು ಯಾರು ಗೊಣಗಿದರೂ ತಮಿಳಿನಲ್ಲಿ ಒಂದೇ ಮಾತು: "ಉಳ್ಳೇ ಇರುಕ್ಕುಮ್ಮಾ." ಒಳಗೇ ಇದೆ, ಅಮ್ಮಾ.

ಮೊಮ್ಮಗಳ ಮದುವೆಗೆ, ಅವನೇ ಹಿಂದೊಮ್ಮೆ ಹೊಲಿದ ನನ್ನ ಹಸಿರು ರೇಷ್ಮೆ ರವಿಕೆಯನ್ನೇ ತೊಡಬೇಕೆಂದು ನನಗೆ ಹಟ. ತೋಳೇ ಏರಲಿಲ್ಲ. ಅಂಗಡಿಗೆ ಹೋಗಿ ಕನ್ನಡದಲ್ಲೇ ಗೋಳಾಡಿದೆ: "ಇದನ್ನ ಹಾಕ್ಕೋತಿದ್ದವಳು ಎಲ್ಲೋ ಹೋಗ್ಬಿಟ್ಳಪ್ಪಾ!"

ಅವನಿಗೆ ಎಷ್ಟು ಅರ್ಥವಾಯಿತೋ. "ಉಳ್ಳೇ ಇರುಕ್ಕುಮ್ಮಾ," ಎನ್ನುತ್ತಾ ಒಳಹೊಲಿಗೆ ಬಿಚ್ಚಿದ. ಮಾಸಿದ ಹಸಿರಿನ ಪಕ್ಕದಲ್ಲಿ, ಬಿಸಿಲನ್ನೇ ಕಾಣದ ಗಿಳಿಹಸಿರಿನ ಪಟ್ಟಿಯೊಂದು ನಿದ್ದೆಯಿಂದ ಎದ್ದಂತೆ ಹೊರಬಂತು.

ಛತ್ರದಲ್ಲಿ ಮಗಳು ಪಿಸುಗುಟ್ಟಿದಳು: "ಅಮ್ಮಾ, ಎರಡು ಬಣ್ಣ ಕಾಣ್ತಿದೆ!"

"ಇಬ್ರೂ ಬಂದಿದೀವಿ ಕಣೇ," ಎಂದೆ. "ಎರಡು ಎಲೆ ಹಾಕ್ಸು."